ಸಮಿತಿಯ ಬಾಯಿಗೆ ಬಾರದ ಪದ

ಆನವಟ್ಟಿ ಹತ್ತಿರದ ನಮ್ಮೂರ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್ ಬಂದಾಗ, ಮಕ್ಕಳು ಕೆಡಬಾರದೆಂದು ಸಮಿತಿಯವರು ಕೆಟ್ಟ ಪದಗಳ ಪಟ್ಟಿ ಮಾಡಲು ಕೂತರು. ಐವರು ಗಂಡಸರು, ಜೊತೆಗೆ ನಿವೃತ್ತ ವಿಜ್ಞಾನ ಟೀಚರ್ ಆದ ನಾನೊಬ್ಬಳು. ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬ ಮಹಾನುಭಾವರಿಗೂ ಇಲ್ಲ! ಚೀಟಿಯಲ್ಲಿ ಬರೆದು, ಮಡಚಿ, ಎಲೆ ಅಡಿಕೆ ತಟ್ಟೆಗೆ ಹಾಕಿದರು. ಯಾರೂ ಬಿಡಿಸಿ ಓದಲಿಲ್ಲ. ಚೀಟಿಗಳು ಹಾಗೆಯೇ ಶಿಕಾರಿಪುರದ ಕಂಪ್ಯೂಟರ್ ಅಂಗಡಿಗೆ ಹೋದವು. ಅಂಗಡಿಯವರು ಬಂದು ಎಲ್ಲ ಪದಕ್ಕೂ ತಡೆ ಹಾಕಿದರು. ಘನಂದಾರಿ ಕೆಲಸ ಮುಗಿಯಿತೆಂದು ಅಧ್ಯಕ್ಷರು ಮಂಡಕ್ಕಿ ತರಿಸಿದರು. ಮಕ್ಕಳು ಮೊಬೈಲಿನಲ್ಲಿ ನೋಡುವುದನ್ನು ನೋಡುತ್ತಲೇ ಇದ್ದರು, ಅದು ಬೇರೆ ಮಾತು.

ತಿಂಗಳೊಳಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು.

"ಟೀಚರ್, ಅಮ್ಮನ ಎದೇಲಿ ಗಂಟಾಗೈತ್ರೀ. ನೋವಿಲ್ಲ, ಡಾಕ್ಟ್ರ ಹತ್ರ ಹೋಗಲ್ಲ ಅಂತಾಳೆ. ಓದಿ ತೋರ್ಸಿದ್ರೆ ಬರ್ತಾಳೆ. ನಮ್ಮನೇಲಿ ಮೊಬೈಲಿಲ್ಲ, ಲೈಬ್ರರೀಲಿ ಸ್ತನ ಅಂತ ಹೊಡೆದ್ರೆ ಕಂಪ್ಯೂಟರ್ ಮುಚ್ಕೊಳ್ತೈತೆ."

ಆವತ್ತೇ ತಾಯಿಯ ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ಯಬೇಕಿತ್ತು. ನಾನೋ ದೊಡ್ಡ ಶಿಸ್ತಿನವಳು! "ಸಮಿತೀಲಿ ಹೇಳಿ ತೆಗೆಸ್ತೀನಿ ತಡಿಯೇ" ಎಂದೆ.

ಸಭೆಯಲ್ಲಿ ಅಧ್ಯಕ್ಷರು ಕೇಳಿದರು: "ಯಾವ ಪದಾರೀ ಮೇಡಂ?"

ಐದು ಮುಖ ನನ್ನನ್ನೇ ನೋಡಿದವು. ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ "ಮನೇಲಿ ಓದ್ಕೊಳ್ಳಿ" ಎಂದು ಪುಟ ಹಾರಿಸುತ್ತಿದ್ದ ಬಾಯಿ ನನ್ನದು. ಅದು ಆಗಲೂ ಏಳಲಿಲ್ಲ.

"ಅದೇರೀ... ಆರೋಗ್ಯದ್ದು."

"ಹಾಂ ಹಾಂ, ಗೊತ್ತಾಯ್ತು ಬಿಡ್ರಿ" ಎಂದು ಅವರು ನೆಲ ನೋಡಿದರು. ನಡಾವಳಿ ಪುಸ್ತಕದಲ್ಲಿ ಬರೆಸಿದರು: ಸದರಿ ಪದವನ್ನು ತೆರವುಗೊಳಿಸತಕ್ಕದ್ದು. ಯಾವ ಪದವೆಂದು ಅಂಗಡಿಯವರು ಪತ್ರ ಬರೆದು ಕೇಳಿದರೆ, ಹಿಂದಿನ ಪತ್ರದಲ್ಲಿ ತಿಳಿಸಿದ ಪದ ಎಂದು ಉತ್ತರ ಹೋಯಿತು. ಥೂ, ಇವರ ಮರ್ಯಾದೆಗೆ ಬೆಂಕಿ ಹಾಕ! ಅದಕ್ಕೆ ನಾನೂ ಸಹಿ ಹಾಕಿದ್ದೆ. ಹುಡುಗಿ ವಾರವಾರ ಬಂದು ಕೇಳುತ್ತಿದ್ದಳು, ನಾನು ಮುಂದಿನ ಸಭೆ ಎನ್ನುತ್ತಿದ್ದೆ. ಐದು ತಿಂಗಳು ಹೀಗೇ ಹೋಯಿತು.

ಕೈ ಎತ್ತಲಾಗದೆ ತಾಯಿ ಮಲಗಿದ ಮೇಲೆ ನಾನು ಅವರಿಬ್ಬರನ್ನೂ ಶಿವಮೊಗ್ಗಕ್ಕೆ ಕರೆದೊಯ್ದೆ. ಗಂಟು ಕಂಕುಳಿಗೂ ಹಬ್ಬಿತ್ತು. ಪರೀಕ್ಷಿಸಿದ ಡಾಕ್ಟರಮ್ಮ ಕೈ ತೊಳೆಯುತ್ತಾ ಕೇಳಿದರು: "ಇಷ್ಟು ದಿನ ಯಾಕ್ರೀ ಬಿಟ್ರಿ?"

ಹುಡುಗಿ ನನ್ನ ಮುಖ ನೋಡಿದಳು.

"ಬಸ್ಸಿನ ತಾಪತ್ರಯ ಮೇಡಂ" ಎಂದೆ.