ಕಾವು ತಿಳಿಯದ ಕೈ

ಮಹಡಿಮನೆಯ ಹಿರಿಯಾಕೆಗೆ ಇಸ್ತ್ರಿಯವನ ಪರಿಚಯ ಮೊದಲು ಆದದ್ದು ಕಿವಿಯಿಂದ. ಅವನು ಕೆಳಗಿನ ಅಂಗಡಿಗೆ ಬಂದ ದಿನ, ಬೆಳಗಾಗುತ್ತಲೇ ಧಡ್ ಧಡ್ ಸದ್ದು. ಯಾರಪ್ಪಾ ಇದು ಮನೆ ಒಡೆಯೋನು ಎಂದು ಇಣುಕಿದಳು. ಅವನು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿ, ಇದಕ್ಕೆ ಮೆತ್ತಗೆ ಕೂರೋದು ಗೊತ್ತಿಲ್ಲ ಅಕ್ಕ ಎಂದ. ಅಂದಿನಿಂದ ಆಕೆ ಅವನಿಗೆ ಅಕ್ಕ.

ಅವನು ಕಾವು ನೋಡುತ್ತಿದ್ದುದು ಪೆಟ್ಟಿಗೆಗೆ ಅಂಗೈ ತಟ್ಟಿ. ಹೆಂಡತಿಯದೂ ಅಂಥದೇ ಕೈ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು.

ಒಂದು ದಿನ ಸದ್ದು ನಿಂತಿತು. ಹಿರಿಯಾಕೆ ಇಳಿದು ಹೋಗಿ ನೋಡಿದರೆ, ಅವನು ಬಟ್ಟೆಯ ಮಡಿಕೆ ಕಾಯಿಸಿ ಬಲಭುಜಕ್ಕೆ ಒತ್ತಿಕೊಳ್ಳುತ್ತಿದ್ದ. ಭುಜ ಊದಿತ್ತು. ಕೆಂಪಾಗಿದೆಯಲ್ಲೋ ಎಂದರೆ, ಉಳುಕಿದೆ ಅಷ್ಟೆ, ಕೆಂಪು ಶಾಖ ಕೊಟ್ಟಿದ್ದಕ್ಕೆ ಎಂದ. ಹೆಂಡತಿ ಹಣೆ ಮುಟ್ಟಿ, ಜ್ವರ ಇಲ್ಲ ಎಂದಳು. ಹಿರಿಯಾಕೆ ತಾನೂ ಮುಟ್ಟಿದಳು. ಚಟ್ಟನೆ ಕೈ ಹಿಂದಕ್ಕೆಳೆದಳು.

"ಕೆಂಡ ಮುಟ್ಟೋ ಕೈಗೆ ಜ್ವರ ಎಲ್ಲಿ ತಿಳಿಯುತ್ತೋ? ಏಳು, ಆಸ್ಪತ್ರೆಗೆ."

ಡಾಕ್ಟರಮ್ಮ ತೋಳನ್ನು ಕೂದಲೆಳೆಯಷ್ಟು ಅಲುಗಿಸಿದ್ದಕ್ಕೇ ಅವನು ಹಲ್ಲು ಕಚ್ಚಿದ. ಉಳುಕಲ್ಲ, ಕೀಲಿನೊಳಗೇ ಕೀವಿರಬಹುದು ಎಂದರು. ಯಾವ ರೋಗಾಣು ಎಂದು ತಿಳಿದರೇ ತಕ್ಕ ಮದ್ದು ಎಂದು, ಮದ್ದು ಕೊಡುವ ಮೊದಲೇ ಸೂಜಿ ಹಾಕಿ ಕೀಲಿನ ನೀರು ತೆಗೆದರು. ಬಂದದ್ದು ಮಬ್ಬು, ಮಂದ.

"ಬಟ್ಟೆಗೆ ಹಾಕಿದ ಗಂಜಿ ಭುಜಕ್ಕೂ ಇಳಿದಿದೆ ನೋಡಿ ಅಕ್ಕ."

ಯಾರೂ ನಗಲಿಲ್ಲ. ತಡವಾದರೆ ಕೀಲೇ ಹೋಗುತ್ತದೆ, ನಂಜು ರಕ್ತಕ್ಕಿಳಿದರೆ ಜೀವಕ್ಕೇ ಕುತ್ತು ಎಂದು ಅಂದೇ ಕೀಲು ತೊಳೆಯಲು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ಹೆಂಡತಿ ತನ್ನ ಅಂಗೈಗಳನ್ನೇ ನೋಡುತ್ತ ಕೂತಳು.

"ಈ ಕೈ ನನಗೇ ಸುಳ್ಳು ಹೇಳ್ತಲ್ಲ ಅಕ್ಕ."

ಹಿರಿಯಾಕೆ ಆ ಒರಟು ಕೈ ಹಿಡಿದುಕೊಂಡಳು. ಬಾಗಿಲು ತೆರೆಯುವವರೆಗೂ ಬಿಡಲಿಲ್ಲ.

ವಾರಗಟ್ಟಲೆ ರಕ್ತನಾಳಕ್ಕೆ ಮದ್ದು, ಆಮೇಲೆ ಮಾತ್ರೆ. ತೋಳು ಉಳಿಯಿತು, ಆದರೆ ಪೆಟ್ಟಿಗೆ ಎತ್ತುವಂತಿರಲಿಲ್ಲ. ಭುಜ ಮತ್ತೆ ಬಿಸಿಯಾದರೆ ಓಡಿ ಬಾ ಎಂದಿದ್ದರು. ಜ್ವರ ಅಳೆಯುವ ಕಡ್ಡಿ ಮನೆಯಲ್ಲಿತ್ತು. ಅವನಿಗೆ ನಂಬಿಕೆ ಮಾತ್ರ ಅಕ್ಕನ ಕೈಯಲ್ಲಿ. ದಿನಾ ಬೆಳಗ್ಗೆ ಮೆಟ್ಟಿಲು ಹತ್ತಿ ಬಂದು, ಉಸಿರು ಬಿಗಿಹಿಡಿದು ಭುಜ ಒಡ್ಡುತ್ತಿದ್ದ.

ಮಾತ್ರೆ ಮುಗಿದ ಮೇಲೆ, ಅವನ ತಮ್ಮನ ಊರಿನ ಅಂಗಡಿಯಲ್ಲಿ ಬಟ್ಟೆ ಮಡಿಚುವ ಕೆಲಸಕ್ಕೆ ಗಂಡಹೆಂಡಿರು ಹೊರಟರು. ಗಂಟುಮೂಟೆ ಗಾಡಿಯಲ್ಲಿತ್ತು. ಅವನು ಮಹಡಿಗೆ ಬಂದು ಕೂತ. ಆಕೆ ಎರಡು ಭುಜದ ಮೇಲೂ ಎರಡು ಕೈ ಇಟ್ಟು ತುಸು ಹೊತ್ತು ನೋಡಿದಳು. ಎರಡೂ ಒಂದೇ ಸಮ, ತಣ್ಣಗಿದೆ ಹೋಗೋ ಎಂದಳು.

ಅವನು ಏಳಲಿಲ್ಲ.

"ಇನ್ನೊಂದ್ಸಲ ನೋಡಿ ಅಕ್ಕ."