ಭಾವನ ನಂಬರು

ನಮ್ಮವ್ವ ಹೆಬ್ಬೆಟ್ಟು. ಸೊಸೈಟಿಯಲ್ಲಿ ಬೆರಳಿಗೆ ಮಸಿ ಹಚ್ಚಿಸಿಕೊಂಡಾಗಲೆಲ್ಲ ಸೆರಗಿಗೆ ಒರೆಸಿಕೊಂಡು, "ನೀನಾದ್ರೂ ಸೈನ್ ಕಲ್ತ್ಕೊಳ್ಳೇ" ಅನ್ನುತ್ತಿದ್ದಳು. ಕಲಿತೆ. ಎಸ್ಸೆಸ್ಸೆಲ್ಸಿ ಪಾಸಾದ ನನ್ನ ಸಹಿ ಇವತ್ತಿಗೂ ಮುದ್ದಾಗಿದೆ, ಕೇಳುವವರು ಮಾತ್ರ ಯಾರೂ ಇಲ್ಲ.

ಆಧಾರ್ ಮಾಡಿಸುವಾಗ ಮನೆಗೆಲ್ಲ ಇದ್ದದ್ದು ಒಂದೇ ಫೋನು, ನನ್ನ ಗಂಡನ ಅಣ್ಣನದು. ಎಲ್ಲರೂ ಭಾವನ ನಂಬರನ್ನೇ ಕೊಟ್ಟೆವು. ಹಿರಿಯರ ನಂಬರು ಕೊಡುವುದೇ ಮರ್ಯಾದೆ ಅನ್ನಿಸಿತ್ತು. ಈಗ ನನ್ನ ಕೈಗೂ ಒಂದು ಫೋನು ಬಂದಿದೆ, ಆದರೂ ನನಗೆ ಏನೇ ಆಗಬೇಕಾದರೂ ಓಟಿಪಿ ಅವರಿಗೆ ಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಭಾವ ಕೊಡದೆ ಇರುವುದಿಲ್ಲ, "ಯಾತಕ್ಕಮ್ಮ?" ಅಂತ ಕೇಳಿಯೇ ಕೊಡುತ್ತಾರೆ.

ಹೋದ ವರ್ಷ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಗಂಡನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದು ನನಗೆ ಬೇಡವಾಗಿತ್ತು. ಆಸ್ಪತ್ರೆಯಲ್ಲೂ ಆಧಾರ್ ಕೇಳುತ್ತಾರೆ, ಹೋಗುವ ಮೊದಲು ನಂಬರು ಬದಲಾಯಿಸೋಣವೆಂದು ತುರುವೇಕೆರೆಯ ಆಧಾರ್ ಕೇಂದ್ರಕ್ಕೆ ಹೋದೆ. ಹೆಬ್ಬೆಟ್ಟು ಒತ್ತಿದೆ, ತಗೊಳ್ಳಲಿಲ್ಲ. ಸೋಪು ಹಾಕಿ ತೊಳೆದು ಬಂದು ಒತ್ತಿದೆ. ಊಹೂಂ. ಕಣ್ಣು ನೋಡುವ ಮಿಷನ್ನು ಕೆಟ್ಟಿತ್ತು.

"ಕೊಬ್ಬರಿ ಕೆಲ್ಸವೇನಕ್ಕ?" ಅಂದಳು ಕಂಪ್ಯೂಟರ್ ಮುಂದೆ ಕೂತವಳು. ಹೌದು, ಮದುವೆಯಾಗಿ ಬಂದಾಗಿನಿಂದ ಚಿಪ್ಪು ಒಡೆದು ಕೊಬ್ಬರಿ ಬಿಡಿಸಿದ ಕೈ. ಗೆರೆಗಳೆಲ್ಲ ಚಿಪ್ಪಿನ ಜೊತೆಗೇ ಹೋಗಿದ್ದವು.

"ಸೈನ್ ಹಾಕ್ತೀನಿ ಕಣಮ್ಮ."

"ಸೈನ್ ಯಾರಿಗ್ ಬೇಕಕ್ಕ? ಮೂರ್ ತಿಂಗ್ಳು ಕೆಲ್ಸ ಬುಡಿ, ಗೆರೆ ಬತ್ತವೆ. ಆಮೇಲೆ ಬನ್ನಿ."

ಮೈ ಉರಿದುಹೋಯಿತು. ಮೂರು ತಿಂಗಳು ಗಂಟು ಕಾಯುತ್ತದೆಯೇ?

ತಿಪಟೂರಿನ ಆಸ್ಪತ್ರೆಯಲ್ಲಿ ನನ್ನದೇ ನಂಬರು ಬರೆದುಕೊಳ್ಳಿ ಎಂದು ಅಂಗಲಾಚಿದೆ. ಆಧಾರ್ ಕಾರ್ಡಿಗೆ ಸೇರಿಸಿದ ನಂಬರೇ ತಾನಾಗಿ ಬರುತ್ತದಂತೆ. ವಿಧಿಯಿಲ್ಲದೆ ಭಾವನಿಗೆ ಫೋನು ಮಾಡಿದೆ. "ಯಾತಕ್ಕಮ್ಮ?" "ಸುಸ್ತು ಭಾವ, ರಕ್ತ ಪರೀಕ್ಷೆ" ಎಂದು ಸುಳ್ಳು ಹೇಳಿದೆ. ಆರು ಅಂಕಿ ಹೇಳಿದರು.

ನಾಲ್ಕನೆಯ ದಿನ ತೋಟದಿಂದ ಬಂದರೆ ಜಗಲಿಯ ಮೇಲೆ ಭಾವ, ಓರಗಿತ್ತಿ, ಕೊಬ್ಬರಿ ನೋಡಲು ಬಂದಿದ್ದ ವ್ಯಾಪಾರಿ. ಭಾವನ ಕೈಯಲ್ಲಿ ಫೋನಿತ್ತು.

"ಎದೇಲಿರೋದು ಬರೀ ಕೊಬ್ಬಿನ ಗಂಟಂತೆ ಕಣಮ್ಮ. ರಿಪೋರ್ಟ್ ಬಂತು, ಡಾಕ್ಟ್ರಿಗೂ ಫೋನ್ ಮಾಡಿ ಕೇಳ್ದೆ. ಏನೂ ಭಯ ಇಲ್ವಂತೆ ಬುಡು. ನಮ್ಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

ಒಳ್ಳೆಯ ಮನುಷ್ಯ. ಅದೇ ಕಷ್ಟ, ಬೈಯುವುದಕ್ಕೂ ಬಾಯಿ ಬರುವುದಿಲ್ಲ. ವ್ಯಾಪಾರಿ ನನ್ನ ಎದೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ನನ್ನ ಮೈಯ ಸುದ್ದಿ ಎಲ್ಲರಿಗೂ ಮುಟ್ಟಿ ಕೊನೆಗೆ ನನಗೆ ಬಂದಿತ್ತು. ನಿಂತಲ್ಲೇ ಅತ್ತುಬಿಟ್ಟೆ.

"ಖುಸೀಗೆ ಅಳ್ತಾವ್ಳೆ, ಒಂದ್ ಲೋಟ ನೀರ್ ಕೊಡೇ" ಅಂದರು ಭಾವ, ಓರಗಿತ್ತಿಗೆ.