ಗೇಟಿನಾಚೆ ಕೆಂಚ, ಒಳಗೆ ಬೀರಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಂಧ್ರದ ಸೋಮಂದೇಪಲ್ಲಿ ದಾಟಿದ ಮೇಲೆ ಹೆದ್ದಾರಿಯ ಮಗ್ಗುಲಿಗಿರುವ ಗಾರ್ಡನ್ ಬಾರ್ ಅಂಡ್ ರೆಸ್ಟೋರೆಂಟಿನ ಗೇಟಿನ ಮುಂದೆ ಬೀರಕ್ಕ ಬಗ್ಗಿ ನಿಂತು ತನ್ನ ನಾಯಿಯ ಕುತ್ತಿಗೆ ತುರಿಸುತ್ತಿದ್ದಾರೆ. "ಇಲ್ಲೇ ಬಿದ್ದಿರು ಕಣ್ಲಾ. ರೋಡಿಗೆ ಇಳೀಬ್ಯಾಡ. ಇಳಿದ್ಯೋ, ಕಾಲು ಮುರಿದಾಕ್ತೀನಿ." ನಾಯಿಯ ಹೆಸರು ಕೆಂಚ. ಕುರಿಮಂದೆ ಕಾಯುವ ನಾಯಿ, ಕೆಂಪು ಮೈ, ಒಂದು ಕಿವಿ ಹರಿದಿದೆ. ಬೈಸಿಕೊಂಡು ಅದು ರಸ್ತೆ ಬದಿಯ ಹೊಂಗೆ ಮರದ ಬುಡಕ್ಕೆ ಹೋಗಿ ಮಲಗುತ್ತದೆ. ಬೀರಕ್ಕ ಗೇಟು ತಳ್ಳಿಕೊಂಡು ಒಳಗೆ ಹೋಗುತ್ತಾರೆ.

ಆ ಗೇಟಿನ ಮೇಲೆ ಏನು ಬರೆದಿದೆ ಗೊತ್ತೇ? 'ನಿಮ್ಮ ನಾಯಿಗೂ ಸ್ವಾಗತ!' ಕನ್ನಡ, ತೆಲುಗು, ಇಂಗ್ಲಿಷು, ಮೂರರಲ್ಲೂ ಇದೆ. ಪಕ್ಕದಲ್ಲಿ ನಗುತ್ತಿರುವ ನಾಯಿಯ ಚಿತ್ರವೂ ಇದೆ.

ಹೀಗೊಂದು ಗಾಳಿ ಈ ಕಡೆ ಬೀಸತೊಡಗಿ ಎರಡು ವರ್ಷವಾಯಿತು. ಬೆಂಗಳೂರಿನ ಜನ ಶನಿವಾರ ಭಾನುವಾರ ಕಾರಿನಲ್ಲಿ ನಾಯಿ ಕೂರಿಸಿಕೊಂಡು ಲೇಪಾಕ್ಷಿ ಕಡೆಗೆ ಹೊರಡುತ್ತಾರೆ. ಅವರಿಗೆ ಊಟಕ್ಕೆ, ಗುಂಡಿಗೆ ನಾಯಿ ಸಮೇತ ಕೂರುವ ಜಾಗ ಬೇಕು. ಮೊದಲು ಶುರು ಮಾಡಿದ್ದು ಈ ಗಾರ್ಡನ್. ಇಲ್ಲಿ ಕಾರು ಸಾಲುಗಟ್ಟಿದ್ದು ನೋಡಿ ಹಿಂದೂಪುರದ ಪರಿಗಿ ರಸ್ತೆಯ ಬಾರಿನವರೂ ಬೋರ್ಡು ತಗುಲಿಸಿದರು. ಹುಲಿ ಬಣ್ಣ ನೋಡಿ ನರಿ ಬರೆ ಹಾಕಿಕೊಂಡಂತೆ ಲಾಡ್ಜುಗಳೂ ಹಾಕುತ್ತಿವೆ. ಗಾರ್ಡನ್‌ನವರದೇ ಎರಡನೆಯ ಶಾಖೆ ಬರುವ ಶುಕ್ರವಾರ ಕಲ್ಯಾಣದುರ್ಗದಲ್ಲಿ ತೆರೆಯಲಿದೆ.

"ನಾಯಿ ಕೂರುವ ಹೋಟೆಲ್ ಬಗ್ಗೆ ಲಘುವಾಗಿ ಒಂದು ಬರೆದುಕೊಡಿ" ಎಂದು ಪುರವಣಿಯ ಸಂಪಾದಕರು ಕಳಿಸಿದರು. ಹೋಗಿ ಕೂತು ನೋಡಿ ಬಂದಿದ್ದೇನೆ. ಲಘುವಾಗಿ ಬರೆಯೋಣವೆಂದರೆ ಮೈಯೆಲ್ಲ ಉರಿಯುತ್ತಿದೆ.

ಬೀರಕ್ಕ ಇಲ್ಲಿ ಕೆಲಸಕ್ಕೆ ಸೇರಿದ್ದು ಪಾತ್ರೆ ತಿಕ್ಕಲು. ಗೋರಂಟ್ಲದ ಕಡೆ ಗುಡ್ಡದ ಮಗ್ಗುಲಿನ ಹಳ್ಳಿಯವರು, ಕುರುಬರ ಮನೆತನ. ಗಂಡ ಗಂಗಣ್ಣನಿಗೆ ಈಗಲೂ ಸಣ್ಣದೊಂದು ಕುರಿಮಂದೆ ಇದೆ. ಒಂದು ದಿನ ಬಡಿಸುವ ಹುಡುಗರು ಬರಲಿಲ್ಲವೆಂದು ಬೀರಕ್ಕನ ಕೈಗೆ ತಟ್ಟೆ ಕೊಟ್ಟು ಹೊರಗೆ ಕಳಿಸಿದರು. ಹೋಗಿ ನೋಡಿದರೆ, ಬೆಂಗಳೂರಿನ ಸಂಸಾರವೊಂದು ಟೇಬಲ್ ಮುಂದೆ ಕೂತಿದೆ, ಕೆಳಗೆ ದೊಡ್ಡದೊಂದು ನಾಯಿ ಕೂತು ಮುಖ ಮುಖ ನೋಡುತ್ತಿದೆ. ಬೀರಕ್ಕ ಬಿರಿಯಾನಿ ತಟ್ಟೆಗಳನ್ನು ಪಕ್ಕದ ಟೇಬಲ್ ಮೇಲಿಟ್ಟು ವಾಪಸು ಬಂದರು. ಕೆಲಸದವರಿಗೆ ಮಾಡಿದ್ದ ರಾಗಿಮುದ್ದೆ ಮುರಿದು, ತಟ್ಟೆಗೆ ಹಾಕಿ, ಮೂಳೆ ಬೇಯಿಸಿದ ನೀರು ಬಿಟ್ಟು, ಮೊದಲು ನಾಯಿಯ ಮುಂದೆ ಇಟ್ಟರು. ಅದು ಬಾಯಿ ಹಾಕಿದ ಮೇಲೆ ಮನುಷ್ಯರಿಗೆ ಬಡಿಸಿದರು.

"ನಮ್ಮನೇಲಿ ಹಂಗೇ ಕಣಪ್ಪ," ಎನ್ನುತ್ತಾರೆ ಬೀರಕ್ಕ. "ರಾತ್ರಿಯೆಲ್ಲ ಕುರಿ ರೊಪ್ಪ ಕಾಯೋನು ನಾಯಿ. ಅದಕ್ಕಿಕ್ಕಿ ಆಮ್ಯಾಲೆ ನಾವು ಉಣ್ಣೋದು. ನಮ್ಮತ್ತೆ ಅಂತೂ, ನಾಯಿ ಬಾಯಾಡ್ಸೋವರ್ಗೂ ನನ್ ಗಂಡನ ತಟ್ಟೆಗೆ ಸಾರು ಬಿಡ್ತಿರ್ಲಿಲ್ಲ. ಹೋಟ್ಲಲ್ಲಿ ಬ್ಯಾರೆ ಲೆಕ್ಕ ಅಂತ ನನಗೇನು ಗೊತ್ತು? ಮ್ಯಾನೇಜರು ಅರಚ್ಕೊಂಡ್ಬುಟ್ಟ, ಗಿರಾಕಿಗಿಂತ ಮುಂಚೆ ನಾಯಿಗೆ ಬಡಿಸ್ತೀಯಾ, ಬುದ್ಧಿ ಐತಾ ನಿನಗೆ ಅಂತ."

ಆದರೆ ಆ ಸಂಸಾರಕ್ಕೆ ಅದು ಭಾರೀ ಹಿಡಿಸಿತು. ಫೋಟೋ ತೆಗೆದರು. ಮುಂದಿನ ವಾರ ಅವರ ಸ್ನೇಹಿತರು ಬಂದು, "ನಾಯಿಗೆ ಮೊದಲು ಬಡಿಸುವ ಅಜ್ಜಿ ಎಲ್ಲಿ?" ಎಂದು ಕೇಳಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಈಗ ಯಾವ ಟೇಬಲ್‌ಗೂ ನಾಯಿಯ ತಟ್ಟೆ ಮುಂದೆ, ಮನುಷ್ಯರದು ಹಿಂದೆ. ಬೀರಕ್ಕನಿಗೆ ಹಸಿರು ಏಪ್ರನ್ ತೊಡಿಸಿದ್ದಾರೆ. ಭಾನುವಾರ ಬಂದರೆ ಮೂವತ್ತು ನಲವತ್ತು ನಾಯಿಗಳಿಗೆ ಮುದ್ದೆ ಕಟ್ಟುತ್ತಾರೆ. ಕೆಲವು ನಾಯಿಗಳಿಗೆ ಕುರ್ಚಿಯೂ ಉಂಟು. ಬೀರಕ್ಕ ಮಾತ್ರ ಹಿತ್ತಿಲಲ್ಲಿ ಕಲ್ಲಿನ ಮೇಲೆ ಕೂತು ಉಣ್ಣಬೇಕು, ಏಕೆಂದರೆ ಕುರ್ಚಿಗಳಿರುವುದು ಗಿರಾಕಿಗಳಿಗಂತೆ.

ಮಾಲೀಕ ಉಮಾಶಂಕರ್ ಹಿಂದೂಪುರದವರು, ರೇಷ್ಮೆ ಸೀರೆಯ ವ್ಯಾಪಾರದಿಂದ ಈ ಕಸುಬಿಗೆ ಬಂದವರು. "ಈ ಕಾನ್ಸೆಪ್ಟು ನಂದೇ ಸಾರ್," ಎಂದು ನನ್ನೆದುರು ಎದೆ ತಟ್ಟಿಕೊಂಡರು. "ಡಾಗ್ ಫಸ್ಟ್! ಇಂಡಿಯಾದಲ್ಲೇ ಯಾರೂ ಮಾಡಿಲ್ಲ." ಅಯ್ಯಾ ಪುಣ್ಯಾತ್ಮ, ನಿಮ್ಮ ಮ್ಯಾನೇಜರು ಅದಕ್ಕೇ ಅಲ್ಲವೇ ಆ ಹೆಂಗಸನ್ನು ಬೈದಿದ್ದು ಎಂದು ಕೇಳಬೇಕೆನಿಸಿತು. ಕೇಳಿಯೂ ಬಿಟ್ಟೆ. ಅವರು ನಕ್ಕು ನನಗೆ ಇನ್ನೊಂದು ಟೀ ತರಿಸಿದರು.

ಇನ್ನು ಗೇಟಿನಾಚೆಯ ಕೆಂಚನ ವಿಷಯ. ಬೀರಕ್ಕನ ಹಳ್ಳಿಯಿಂದ ಹೆದ್ದಾರಿಗೆ ಬರುವ ಕಾಲುದಾರಿ ಗುಡ್ಡದ ಕೆಳಗೇ ಹಾಯುತ್ತದೆ. ಕಡಲೆಕಾಯಿ ಹೊಲಕ್ಕೆ ಕರಡಿ ಇಳಿಯುತ್ತವೆ. ಕತ್ತಲಲ್ಲಿ ಬಂದು ಕತ್ತಲಲ್ಲಿ ಹೋಗುವ ಒಂಟಿ ಹೆಂಗಸಿಗೆ ನಾಯಿಯೇ ಜೊತೆ. ಮನೆಯಲ್ಲಿ ಕಟ್ಟಿ ಬಂದರೆ ಹಗ್ಗ ಕಡಿದುಕೊಂಡು ಬಂದುಬಿಡುತ್ತದೆ. "ಅದು ನನ್ ಮಾತ್ ಕೇಳಲ್ಲ ಸ್ವಾಮಿ, ಮಂದೆ ಜೊತೇಲೂ ಬರಲ್ಲ. ಅವ್ಳು ಎಲ್ಲೋ ಅದು ಅಲ್ಲೇ," ಎನ್ನುತ್ತಾರೆ ಗಂಗಣ್ಣ.

ಕೆಂಚನಿಗಿಂತ ಮುಂಚೆ ಕರಿಯ ಎಂಬ ನಾಯಿ ಇತ್ತು. ಅದೂ ಇದೇ ಗೇಟಿನ ಮುಂದೆ ಕಾಯುತ್ತಿತ್ತು. ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಒಳಗೆ ಬರುವ ಕಾರಿಗೆ ಜಾಗ ಬಿಡಲು ಪಕ್ಕಕ್ಕೆ ಸರಿದು ಲಾರಿಗೆ ಸಿಕ್ಕಿತು. ವಾಚ್‌ಮನ್ ಪೋತಪ್ಪ ಅದನ್ನು ಎಳೆದು ಚರಂಡಿಗೆ ಹಾಕಿ, ರಕ್ತದ ಮೇಲೆ ಮಣ್ಣು ಎರಚಿದ. ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಮೇಲಿಂದ ಅಪ್ಪಣೆಯಾಗಿತ್ತು. ಬೀರಕ್ಕನಿಗೆ ತಿಳಿದದ್ದು ಸಂಜೆ, ಮನೆಗೆ ಹೊರಟಾಗ.

"ನಾನು ಒಳಗೆ ಯಾರ್ದೋ ನಾಯಿಗೆ ಮುದ್ದೆ ಇಕ್ತಾ ಇದ್ನಲ್ಲಪ್ಪಾ," ಎನ್ನುತ್ತಾರೆ ಬೀರಕ್ಕ. "ಅದೇ ಹೊತ್ತಿಗೆ ನನ್ ಕರಿಯಂಗೆ ಒಂದು ತೊಟ್ಟು ನೀರು ಬಿಡೋರು ಇರ್ಲಿಲ್ಲ."

ಆಮೇಲೆ ಮಾಲೀಕರ ಮುಂದೆ ನಿಂತು ಒಂದೇ ಒಂದು ಬೇಡಿಕೆ ಇಟ್ಟರು. ಕರಿಯನ ಜಾಗಕ್ಕೆ ಬಂದ ಕೆಂಚನನ್ನಾದರೂ ಗೇಟಿನೊಳಗೆ ಬಿಡಬೇಕು. ಟೇಬಲ್ ಬೇಡ, ಕುರ್ಚಿ ಬೇಡ, ಹಿತ್ತಿಲ ಬೇವಿನ ನೆರಳು ಸಾಕು. ಹುಚ್ಚುನಾಯಿ ಸೂಜಿ ಹಾಕಿಸಿಕೊಂಡು ಬಾ ಎಂದರು. ಪಶು ಆಸ್ಪತ್ರೆಗೆ ನಡೆಸಿಕೊಂಡು ಹೋಗಿ ಹಾಕಿಸಿದ್ದಾಯಿತು. ಬೆಲ್ಟ್ ಕಟ್ಟು ಎಂದರು. ಸಂತೆಯಲ್ಲಿ ಕೊಂಡು ಕಟ್ಟಿದ್ದಾಯಿತು. ಆಮೇಲೆ ನೋಡೋಣ ಎಂದರು. ನೋಡೋಣ ಎಂಬ ಮಾತಿಗೆ ಈ ದೇಶದಲ್ಲಿ ಏನರ್ಥವೆಂದು ಎಲ್ಲರಿಗೂ ಗೊತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ದೇವರೇ ಕೊಡಲೊಲ್ಲ.

ನಾನು ಹೋದ ಭಾನುವಾರ ಮಧ್ಯಾಹ್ನ ಜಾಗವೆಲ್ಲ ತುಂಬಿದೆ. ಬೊಗಳು, ನಗು, ಬಿಯರ್ ಬಾಟಲಿಯ ಸದ್ದು. ಇದ್ದಕ್ಕಿದ್ದಂತೆ ಹೊರಗೆ ಲಾರಿಯ ಬ್ರೇಕು ಕಿರ್ರೆಂದಿತು, ಅದರ ಹಿಂದೆಯೇ ನಾಯಿಯ ಕೂಗು. ಬೀರಕ್ಕ ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಓಡಿದರು. ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರ ಹೊಂಗೆ ಮರದ ಬುಡದ ತನಕ ಬಂದಿತ್ತು. ಕೆಂಚ ಬದುಕಿಕೊಂಡಿದ್ದ, ಬಾಲದ ತುದಿ ಜಜ್ಜಿತ್ತು. ಅವನ ಬೆಲ್ಟ್ ಹಿಡಿದುಕೊಂಡು ಬೀರಕ್ಕ ನೇರವಾಗಿ ಗೇಟಿನೊಳಗೆ ಬಂದರು.

ಉಮಾಶಂಕರ್ ಕೌಂಟರಿನಿಂದ ಎದ್ದು ಬಂದರು. "ಏಯ್ ಬೀರಕ್ಕಾ, ಏನಿದು? ಹೊರಗೆ ಕಟ್ಟು ಅದನ್ನ. ಬಯಟ, ಬಯಟ! ಹೊರಗೆ!"

"ಲಾರಿ ಕೆಳಗೆ ಹೋಯ್ತಿದ್ದ ಸಾವ್ಕಾರ್ರೇ. ಇನ್ನೊಂದು ಗೇಣು ಆಗಿದ್ರೆ ಇವ್ನೂ ಇರ್ತಿರ್ಲಿಲ್ಲ."

"ಅದಕ್ಕೆ ನಾನೇನಮ್ಮಾ ಮಾಡ್ಲಿ? ಒಳ್ಳೆ ಜಾತಿ ನಾಯಿ ತರೋ ಗಿರಾಕಿಗಳು ಇವ್ರು. ಬೀದಿ ನಾಯಿ ಬಿಟ್ರೆ ನಾಳೆ ಯಾರು ಬರ್ತಾರೆ?"

"ಬೀದೀಲಿ ಮಲಗ್ಸಿರೋರು ನೀವು. ಇವ್ನು ಬೀದಿ ನಾಯಿ ಅಲ್ಲ, ನನ್ ಮನೆ ನಾಯಿ. ಸೂಜಿ ಅಂದ್ರಿ, ಹಾಕಿಸ್ದೆ. ಬೆಲ್ಟು ಅಂದ್ರಿ, ಕಟ್ಟಿದೆ. ಇನ್ನೇನು, ಬಾಲಕ್ಕೆ ಜರಿ ಸುತ್ಲಾ?"

ಒಂದು ಟೇಬಲ್‌ನಲ್ಲಿ ಯಾರೋ ಕಿಸಕ್ಕೆಂದರು. ಉಮಾಶಂಕರ್ ಮುಖ ಕೆಂಪಾಯಿತು. "ಇದು ರೆಸ್ಟೋರೆಂಟು ಕಣಮ್ಮ, ನಿಮ್ಮ ಕುರಿ ರೊಪ್ಪ ಅಲ್ಲ."

"ರೊಪ್ಪದ ಪದ್ಧತಿ ಬೇಕು, ರೊಪ್ಪದ ನಾಯಿ ಬ್ಯಾಡ," ಎಂದರು ಬೀರಕ್ಕ. ಏಪ್ರನ್ ಬಿಚ್ಚಿ, ಮಡಚಿ, ಕೌಂಟರಿನ ಮೇಲಿಟ್ಟರು. "ಹೋಯ್ತೀನಿ."

ಅಷ್ಟು ಜನ ನಾಯಿಪ್ರೇಮಿಗಳು ಕೂತಿದ್ದರಲ್ಲ, ತಮ್ಮ ನಾಯಿಯ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವವರು, ಅವರಲ್ಲಿ ಒಬ್ಬರಾದರೂ ಬಾಯಿ ಬಿಡಬೇಡವೇ? "ಪಾಪ" ಎಂದರು ಒಬ್ಬ ಹೆಂಗಸು. ಇನ್ನೊಬ್ಬರು, "ನಮ್ಮ ನಾಯಿಗೆ ಯಾರು ಬಡಿಸ್ತಾರೆ ಈಗ?" ಎಂದು ಕೇಳಿದರು. ಥೂ, ಇವರ ಪ್ರೀತಿಗಿಷ್ಟು!

ಮಾರನೆಯ ಬೆಳಿಗ್ಗೆ ಬೀರಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದೇನೆ. ಕೆಂಚನ ಬಾಲಕ್ಕೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಾರೆ. ಕೆಲಸ ಹೋಯಿತೆಂಬ ಚಿಂತೆ ಇಲ್ಲವೇ ಎಂದರೆ, "ಐತೆ ಕಣಪ್ಪ, ಇಲ್ದೆ ಏನು. ಆ ಕೆಲ್ಸ ನನಗೆ ಇಷ್ಟಾನೇ. ಯಾರ ನಾಯಿ ಆದ್ರೇನು, ಹೊಟ್ಟೆ ತುಂಬ ಉಂಡು ಮಖ ಎತ್ತಿ ನೋಡ್ತದಲ್ಲ, ಅದು ನೋಡಾಕೇ ಚೆಂದ" ಎನ್ನುತ್ತಾರೆ.

ಅಷ್ಟರಲ್ಲಿ ಪೋತಪ್ಪ ಮೊಪೆಡ್ ಮೇಲೆ ಬಂದ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಬ್ಯಾನರ್ ಕಟ್ಟಿಯಾಗಿದೆಯಂತೆ, ಅದರಲ್ಲಿ ಬೀರಕ್ಕ ನಾಯಿಗೆ ಬಡಿಸುತ್ತಿರುವ ಫೋಟೋ ಇದೆಯಂತೆ. ಶುಕ್ರವಾರ ಅವರಿಲ್ಲದೆ ಆಗುವುದಿಲ್ಲವಂತೆ.

"ಸಾವ್ಕಾರ್ರು ಕಾರ್ ಕಳಿಸ್ತಾರಂತೆ ಕಣಕ್ಕ. ಕೋಪ ಬಿಟ್ಟು ಬಾ ಅಂದವ್ರೆ."

"ಕಾರು ಯಾರಿಗೆ?"

"ನಿನಗೇ."

"ಕೆಂಚಂಗೆ?"

ಪೋತಪ್ಪ ಮೊಪೆಡ್ಡಿನ ಹ್ಯಾಂಡಲ್ ಉಜ್ಜುತ್ತ ನಿಂತ. "ಅವ್ನ ಸುದ್ದಿ ಏನೂ ಹೇಳಿಲ್ಲ ಕಣಕ್ಕ."

ಬೀರಕ್ಕ ಅವನಿಗೆ ಕುಡಿಯಲು ಮಜ್ಜಿಗೆ ತಂದುಕೊಟ್ಟರು. ಅವನು ಕುಡಿದು ಕೆಳಗಿಟ್ಟ ಲೋಟ ಎತ್ತಿಕೊಂಡರು.

"ನಿಮ್ ಸಾವ್ಕಾರ್ರಿಗೆ ಹೇಳು, ಬೀರಕ್ಕಂಗೆ ಕೋಪ ಇಲ್ಲ, ಬತ್ತಾಳೆ ಅಂತ. ಕರೀಲಿ. ಇಬ್ರನ್ನೂ ಕರೀಲಿ."